ಕ್ಯಾನು ಹಿಡಿದು ರೈಲು ಹತ್ತಿದ್ದು

ಮೊನ್ನೆ ನಮ್ಮವಳು ಎಣ್ಣೆ ತುಂಬಿಡಲು ಬಿಳೀ ಪ್ಲಾಸ್ಟಿಕ್ ಕ್ಯಾನೊಂದನ್ನು ತಂದಳು. ಕೆಂಪು ಮುಚ್ಚಳ, ಮೇಲೊಂದು ಹಿಡಿ. "ಇದರಲ್ಲಿ ಎಣ್ಣೆ ಹಾಕಿದರೆ ನಾನು ಊಟ ಮಾಡೋಲ್ಲ" ಅಂದೆ. ಇಷ್ಟು ವರ್ಷ ನನ್ನ ಜೊತೆ ಬಾಳಿದ ಮೇಲೆ ಅವಳು ಕಾರಣ ಕೇಳುವುದನ್ನೇ ಬಿಟ್ಟಿದ್ದಾಳೆ. ನಿಮಗಾದರೂ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮಾತು. ನಾವು ಕೆಜಿಎಫ್‌ನ ಉರಿಗಾಂನಲ್ಲಿದ್ದೆವು, ಅಪ್ಪನಿಗೆ ಚಿನ್ನದ ಗಣಿ ಕೆಲಸ. ಪಾಳಿ ಮುಗಿಸಿ ಮೇಲೆ ಬಂದವರನ್ನು ಗೇಟಿನಲ್ಲಿ ನಿಲ್ಲಿಸಿ, ಚಿನ್ನ ಅಡಗಿಸಿಕೊಂಡಿದ್ದಾರೋ ಎಂದು ತಡಕುತ್ತಿದ್ದ ಕಾಲ. ಆಗ ನಮ್ಮಣ್ಣನ ಕೈ ನಡುಗತೊಡಗಿತು, ನಾಲಿಗೆ ತೊದಲತೊಡಗಿತು. ಕುಡಿಯೋದು ಕಲಿತ ಎಂದು ಗಣಿಯವರ ಮನೆಗಳ ಇಡೀ ಲೈನು ತೀರ್ಮಾನಿಸಿತು. ಪಾಪ, ಅವನು ಕಾಫಿಯನ್ನೂ ಮುಟ್ಟುತ್ತಿರಲಿಲ್ಲ.

ಬೆಂಗಳೂರಿನ ಡಾಕ್ಟರು ಅವನ ಕಣ್ಣಿಗೆ ಬೆಳಕು ಬಿಟ್ಟು, ಕರೀ ಗುಡ್ಡೆಯ ಸುತ್ತ ಕಂದು ಉಂಗುರ ಕಂಡು ಬೇರೆಯೇ ಹೇಳಿದರು. ಅನ್ನ ನೀರಿನ ಜೊತೆ ಒಳಗೆ ಹೋಗುವ ಚೂರುಪಾರು ತಾಮ್ರವನ್ನು ಎಲ್ಲರ ಮೈಯೂ ಹೊರಗೆ ಹಾಕುತ್ತದಂತೆ; ಅಣ್ಣನ ಮೈ ಮಾತ್ರ ಅದನ್ನು ಲಿವರಿನಲ್ಲಿ, ಮಿದುಳಿನಲ್ಲಿ ಕೂಡಿಡುತ್ತದಂತೆ. ಅಪರೂಪದ ಕಾಯಿಲೆ. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಬರುವಂಥದ್ದು. ಅಮ್ಮ ಅಪ್ಪನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಅದು ಮಾಮೂಲು. "ಮಾತ್ರೆ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಒಡಹುಟ್ಟಿದವರನ್ನೂ ಕಳಿಸಿ" ಎಂದರು.

"ನಾನು ಗೇಟ್ನಾಗೆ ದಿನಾ ಕೈ ಎತ್ಕಂಡು ನಿಂತ್ರೆ, ನನ್ ಮಗ ಒಳಗೇ ತಾಮ್ರ ಮಡಿಕ್ಕಂಡವ್ನೆ" ಎಂದರು ಅಪ್ಪ. ನಕ್ಕರೋ ಅತ್ತರೋ ತಿಳಿಯಲಿಲ್ಲ. ಅಮ್ಮ ಮನೆಯ ತಾಮ್ರದ ಹಂಡೆ, ಚೊಂಬು ಎಲ್ಲವನ್ನೂ ಬೇತಮಂಗಲದ ಚಿಕ್ಕಮ್ಮನಿಗೆ ಸಾಗಿಸಿದಳು. ಚಿಕ್ಕಮ್ಮ ಇಂಥ ಕಾಯಿಲೆ ವರ್ಷಕ್ಕೊಂದು ಬರಲಿ ಎಂಬಂತೆ ಖುಷಿಯಾದಳು.

ಒಡಹುಟ್ಟಿದವರೆಂದರೆ ನಾನು, ನನ್ನ ತಂಗಿ ರತ್ನಿ. ನನಗೂ ಇದೆಯೇ ಎಂಬ ಪ್ರಶ್ನೆ ಹಗಲೂ ರಾತ್ರಿ ಬೆನ್ನುಹತ್ತಿತು. ಕೇಳೋಣವೆಂದರೆ ಯಾರಿಗೆ ಗೊತ್ತು? ಬಂಗಾರಪೇಟೆಯ ಡಾಕ್ಟರೊಬ್ಬರ ಬೀರುವಿನಲ್ಲಿ ದಪ್ಪನೆಯ ಇಂಗ್ಲಿಷ್ ಪುಸ್ತಕವಿತ್ತು. ಕಾಡಿ ಬೇಡಿ ಆ ಕಾಯಿಲೆಯ ಪುಟ ಓದಿದೆ. ಅರ್ಧ ಅರ್ಥವಾಯಿತು, ಲಕ್ಷಣಗಳು ಮಾತ್ರ ಪೂರ್ತಿ ಬಂದವು. ಕನ್ನಡಿಯ ಮುಂದೆ ರೆಪ್ಪೆ ಎಳೆದುಕೊಂಡು ಉಂಗುರ ಹುಡುಕುತ್ತಾ ನಿಂತರೆ ರತ್ನಿ, "ಅಣ್ಣಾ, ತಾಮ್ರ ಸಿಕ್ರೆ ನಂಗೊಂದು ಬಳೆ" ಅನ್ನುವಳು.

ಅವಳನ್ನು ಕಳಿಸಲು ಅಮ್ಮ ಸುತರಾಂ ಒಪ್ಪಲಿಲ್ಲ. "ಎಣ್ಮಗ ಕಣ್ಲಾ. ಪರೀಕ್ಸೆ ಮಾಡ್ಸವ್ರೆ ಅಂತ ಗೊತ್ತಾದ್ರೆ ಯಾವನು ಕಟ್ಕಂತಾನೆ? ನೀನು ಓಗು, ಸಾಕು."

ಪರೀಕ್ಷೆ ಏನೆಂದರೆ, ಒಂದು ಹಗಲು ಒಂದು ರಾತ್ರಿಯ ಉಚ್ಚೆಯನ್ನು ಒಂದು ತೊಟ್ಟೂ ಬಿಡದೆ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿದು ಒಯ್ಯಬೇಕು. ಕ್ಯಾನು ತುಂಬಿತು. ಒಬ್ಬನೇ ಹೋಗಿ ಆ ಮಾತು ಕೇಳಿಸಿಕೊಳ್ಳುವ ಧೈರ್ಯ ನನಗೆಲ್ಲಿಂದ ಬರಬೇಕು? ಮಸಾಲೆ ದೋಸೆಯ ಆಸೆ ತೋರಿಸಿ, ಅಮ್ಮನಿಗೆ 'ಬರೀ ಜೊತೆಗೆ' ಎಂದು ಆಣೆ ಮಾಡಿ ರತ್ನಿಯನ್ನು ಎಳೆದುಕೊಂಡು ಹೊರಟೆ.

ಬಂಗಾರಪೇಟೆಯಲ್ಲಿ ರೈಲು ಬದಲಾಯಿಸುವಾಗ ಕಾನ್‌ಸ್ಟೇಬಲ್ ಒಬ್ಬ ಲಾಠಿ ಅಡ್ಡ ಹಿಡಿದ. ಗಡಿಯಾಚೆಯಿಂದ ಕ್ಯಾನುಗಟ್ಟಲೆ ಸಾರಾಯಿ ಬರುತ್ತಿದ್ದ ಕಾಲ.

"ಏಮಿರಾ ಇದಿ? ಸಾರಾಯಾ?"

"ಅಲ್ಲ ಸಾರ್. ಉಚ್ಚೆ."

"ಯಾರ್ದಲಾ?"

"ನಂದೇ ಸಾರ್."

ಅವನು ನಂಬಲಿಲ್ಲ. ಮುಚ್ಚಳ ತಿರುಗಿಸಿ ಮೂಗನ್ನು ಒಳಕ್ಕೇ ಇಟ್ಟ. ಆಮೇಲೆ ಅವನು ಆಡಿದ ಮೂರು ಭಾಷೆಯ ಮಾತುಗಳನ್ನು ಇಲ್ಲಿ ಬರೆಯಲಾರೆ. ಬಾಯಿ ಖಾಲಿಯಾದ ಮೇಲೆ, "ಇದನ್ಯಾಕ್ಲಾ ಬೆಂಗ್ಳೂರ್ಗೆ? ಅಲ್ಲಿ ಸಿಕ್ಕಲ್ವಾ?" ಎಂದ.

"ಒಳ್ಗೆ ತಾಮ್ರ ಐತಾ ನೋಡ್ತಾರೆ ಸಾರ್" ಎಂದಳು ರತ್ನಿ.

"ಕೆಜಿಎಫ್‌ನಾಗಿದ್ದು ತಾಮ್ರನಾ? ಥೂ, ಓಗ್ರಲಾ!"

ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕಣ್ಣು ನೋಡಿ "ಏನೂ ಇಲ್ಲ" ಎಂದರು. "ಸರಿಯಾಗಿ ನೋಡಿ ಸಾರ್" ಎಂದು ಗೋಗರೆದೆ. ಕಾಟ ತಡೆಯದೆ, "ನಿಮ್ಮ ತಂಗೀನೂ ಒಂದ್ಸಲ ಕೂರಲಿ" ಎಂದರು. ನಗುತ್ತಾ ಕೂತಳು. ಬೆಳಕು ಅವಳ ಕಣ್ಣಿನ ಮೇಲೆ ನಿಂತೇ ಇತ್ತು. ಡಾಕ್ಟರು ನನ್ನನ್ನು ಹತ್ತಿರ ಕರೆದು ತೋರಿಸಿದರು. ಕರೀ ಗುಡ್ಡೆಯ ಸುತ್ತ ಸಣ್ಣ ಕಂದು ಉಂಗುರ.

ಆಮೇಲೆ ಅವಳಿಗೂ ಒಂದು ಕ್ಯಾನಾಯಿತು. ಅವಳಲ್ಲಿ ತಾಮ್ರ ಸಿಕ್ಕಿತು, ನನ್ನಲ್ಲಿ ಸಿಗಲಿಲ್ಲ. ಕೈ ನಡುಗುವ ಮೊದಲೇ ಮಾತ್ರೆ ಶುರುವಾದ್ದರಿಂದ ಅವಳ ಕೈ ಇವತ್ತಿಗೂ ನಡುಗಿಲ್ಲ. ಅಣ್ಣನಿಗೆ ಮಾತು ಮರಳಿತು, ನಡುಕ ಅರ್ಧ ಉಳಿಯಿತು. ಅಮ್ಮ ಮಾತ್ರ ಕೊನೆಯವರೆಗೂ ರತ್ನಿಯ ಮಾತ್ರೆಯನ್ನು ನೆಂಟರೆದುರು 'ಗ್ಯಾಸಿಂದು' ಎನ್ನುತ್ತಿದ್ದಳು; ಮದುವೆಯಾಗುವ ಹುಡುಗನಿಗೆ ಮಾತ್ರ ರತ್ನಿಯೇ ಮೊದಲು ಹೇಳಿಬಿಟ್ಟಿದ್ದಳು. ಬಾಯಿ ಬಿಗಿಹಿಡಿಯುವುದು ಅವಳಿಗೆ ಯಾವತ್ತೂ ಬರಲಿಲ್ಲ.

ನಿನ್ನೆ ಅವಳ ಫೋನು. ಮಗನಿಗೆ ಹೆಣ್ಣು ಗೊತ್ತಾಗಿದೆ, ನಮ್ಮ ಬಳಗದವಳೇ. "ಉಡುಗಿಗೆ ಎಲ್ಲಾ ಹೇಳ್ಬಿಟ್ಟೆ ಕಣಣ್ಣಾ. ನನ್ ಮಗನ್ ರಕ್ತದಾಗೆ ಅರ್ಧ ಐತೆ, ನಿನ್ನಾಗೂ ಅರ್ಧ ಇದ್ರೆ ಮಕ್ಳಿಗೆ ಬರ್ಬೋದು, ನಿಂದೂ ಒಂದ್ಸಲ ಜೀನ್ ಟೆಸ್ಟ್ ಮಾಡ್ಸಮ್ಮಾ ಅಂದೆ."

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. "ಅವರೇನಂದರು?"

"ಅವ್ಳ ಅಪ್ಪ ಅಮ್ಮ ಮುಖ ಮುಖ ನೋಡ್ಕಂಡ್ರು. ಅಷ್ಟ್ರಲ್ಲಿ ಉಡುಗೀನೇ, 'ಯಾವ ಲ್ಯಾಬು ಅತ್ತೆ? ಭಾನುವಾರ ತೆಗೆದಿರ್ತದಾ?' ಅಂದ್ಲು."

ಫೋನಿಟ್ಟು, ರೂಢಿಯಂತೆ ಗಾಬರಿಯಾಗೋಣವೆಂದು ಕುರ್ಚಿ ಎಳೆದುಕೊಂಡು ಕೂತೆ. ಬಹಳ ಹೊತ್ತು ಕೂತೆ. ಗಾಬರಿ ಬರಲೇ ಇಲ್ಲ.