ಒಂಬತ್ತು ಮೊಳ, ಒಂಬತ್ತು ಫೂಟು

ಒಂಬತ್ತು.

ನನ್ನ ನೋಟುಬುಕ್ಕಿನಲ್ಲಿ ಬರೆದದ್ದು ಇಷ್ಟೇ. ಹಿಂದೇನೂ ಇಲ್ಲ, ಮುಂದೇನೂ ಇಲ್ಲ. ಆ ಒಂದು ಅಂಕಿಯಿಂದ ಹೋದ ತಿಂಗಳು ಒಬ್ಬ ಒಳ್ಳೆಯ ಮನುಷ್ಯ ಜೀವ ಕಳೆದುಕೊಳ್ಳುವುದರಲ್ಲಿದ್ದ.

ನಾನು ಓವರಸಿಯರ್ ಎಂಬುದು ವಾರವಾರವೂ ಇದನ್ನು ಓದುವವರಿಗೆ ಗೊತ್ತು. (ಗೊತ್ತಿಲ್ಲದವರಿಗೆ: ರಸ್ತೆ, ಸೇತುವೆ ಕಟ್ಟಿಸುವುದು ನನ್ನ ಹೊಟ್ಟೆಪಾಡು. ನಡುನಡುವೆ ಕನಸು ಕಾಣುವುದು ನನ್ನ ಚಟ.) ಹುನಗುಂದದಿಂದ ಐಹೊಳೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳವಿದೆ. ಮಳೆ ಬಂತೆಂದರೆ ಆಚೆಯವರು ಆಚೆಗೇ, ಈಚೆಯವರು ಈಚೆಗೇ. ಹೋದ ವರ್ಷ ಆಚೆ ದಂಡೆಯಲ್ಲಿ ಒಬ್ಬಾಕೆ ಹೆರಿಗೆ ನೋವು ತಿನ್ನುತ್ತಿದ್ದರೆ, ಈಚೆ ದಂಡೆಯಲ್ಲಿ ಸೂಲಗಿತ್ತಿ ನೀರು ಇಳಿಯುವುದನ್ನೇ ಕಾಯುತ್ತ ಕುಳಿತಿದ್ದಳಂತೆ. ಅದಕ್ಕೇ ಅಲ್ಲೊಂದು ಸಣ್ಣ ಸೇತುವೆ. ಎರಡು ದಂಡೆಗೂ ಗೋಡೆ ಕಟ್ಟಿ ಮೇಲೆ ಕಲ್ಲಿನ ಚಪ್ಪಡಿ ಹೊದಿಸುವುದು. ಮಳೆಗೆ ಮೊದಲು ಮುಗಿಯಬೇಕು.

ಕಲ್ಲಿನ ಕೆಲಸಕ್ಕೆ ಇಳಕಲ್ಲಿನಿಂದ ಅಮೀನಸಾಬರು ಬಂದಿದ್ದರು. ಐವತ್ತು ದಾಟಿದ ಮೇಸ್ತ್ರಿ. ಸುತ್ತಿಗೆಯಿಂದ ಮೆಲ್ಲಗೆ ಬಡಿದು, ದನಿ ಕೇಳಿಯೇ ಕಲ್ಲಿನ ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳುವವರು.

ಚಪ್ಪಡಿ ಒಂದೊಂದೂ ಸಾವಿರದ ಐನೂರು ಪೌಂಡು. ಎತ್ತುವುದು ಹೇಗೆ? ತಕ್ಕಡಿಯ ಹಾಗೆ. ಉದ್ದನೆಯ ತೊಲೆಯೊಂದನ್ನು ಗಟ್ಟಿ ಕಂಬದ ಮೇಲೆ ಕೂರಿಸುವುದು. ಗಿಡ್ಡ ತುದಿಗೆ ಚಪ್ಪಡಿ, ಉದ್ದ ತುದಿಗೆ ಮರಳಿನ ಚೀಲ. ಎಷ್ಟು ಮರಳು? ಅದನ್ನು ಹೇಳುವುದೇ ನನ್ನ ಕೆಲಸ. ಪುಣೆಯಲ್ಲಿ ಕಲಿತದ್ದು ಅದನ್ನೇ ಅಲ್ಲವೇ? ತೂಕವನ್ನು, ಕಂಬದಿಂದ ಅದು ಇರುವ ದೂರದಿಂದ ಗುಣಿಸಬೇಕು. ಬಂದದ್ದಕ್ಕೆ ಮೊಮೆಂಟ್ ಅನ್ನುತ್ತಾರೆ. ಎರಡೂ ಕಡೆಯ ಮೊಮೆಂಟ್ ಸಮ ಬಂದರೆ ತೊಲೆ ಗಾಳಿಯಲ್ಲಿ ತೂಗುತ್ತ ನಿಲ್ಲುತ್ತದೆ. (ತೊಲೆಯ ಸ್ವಂತ ಭಾರವನ್ನು ಮೊದಲೇ ಬೇರೆ ಕಲ್ಲು ಕಟ್ಟಿ ಸರಿದೂಗಿಸಿದ್ದೆವು. ಅಷ್ಟು ಬುದ್ಧಿ ಇತ್ತು.)

ಕಲ್ಲಿನ ಕಡೆ ನಾನೇ ಟೇಪು ಹಿಡಿದೆ. ಮೂರು ಫೂಟು. ಆಚೆ ತುದಿಯ ಅಳತೆ ಅಮೀನಸಾಬರು ತೆಗೆದುಕೊಂಡರು.

"ಒಂಬತ್ತು ಅದರಿ, ರಾಯರ!" ಎಂದು ಅಲ್ಲಿಂದಲೇ ಕೂಗಿದರು.

ಬರೆದುಕೊಂಡೆ.

ಮಟಮಟ ಮಧ್ಯಾಹ್ನ. ಬಿಸಿಲಿನ ಝಳದಲ್ಲಿ ದೂರದ ಕೆಂಪು ಗುಡ್ಡ ನೀರಿನೊಳಗಿನ ನೆರಳಿನಂತೆ ಅಲುಗುತ್ತಿತ್ತು. ಒಂದೇ ಒಂದು ಮೋಡದ ನೆರಳು ಕಪ್ಪು ಎರಿ ಹೊಲಗಳ ಮೇಲೆ, ಯಾರಿಗೂ ಸಂಬಂಧವಿಲ್ಲದ ಹಾಗೆ ಸಾಗಿಹೋಗುತ್ತಿತ್ತು. ಉಳಿಯ ಟಕ್ ಟಕ್ ಸದ್ದು ಎಲ್ಲೋ ನಿದ್ದೆಯ ಆಚೆಯಿಂದ ಬಂದಂತೆ. ಐಹೊಳೆಯಲ್ಲಿ ಆ ದೊಡ್ಡ ದೊಡ್ಡ ತೊಲೆಗಲ್ಲುಗಳನ್ನು ಮೇಲೇರಿಸಿದವರು ಇಂಥದೇ ಮಧ್ಯಾಹ್ನ ಇಲ್ಲೇ ಕುಳಿತು ರೊಟ್ಟಿ ತಿಂದಿರಬಹುದೇ? ಅವರ ಓವರಸಿಯರ್ ಯಾರಿದ್ದ? ಹೀಗೇ ತೇಲುತ್ತಿತ್ತು ಮನಸ್ಸು.

ಕನಸಿನ ನಡುವೆ ಒಂದು ಸಂಶಯ ಇಣುಕಿದ್ದು ಖರೆ. ಒಂಬತ್ತು ಏನು? ಫೂಟೋ, ಮೊಳವೋ?

ಕೇಳಬೇಕೆಂದೆ. ಕೇಳಲಿಲ್ಲ. ಪುಣೆಯಲ್ಲಿ ಓದಿ ಬಂದವನು ಇಷ್ಟೂ ತಿಳಿಯದೆ ಕೇಳುತ್ತಾನಲ್ಲ ಅಂದುಕೊಂಡರೆ? ತಲೆ ಎತ್ತಿ ತೊಲೆಯನ್ನೊಮ್ಮೆ ನೋಡಿದ್ದರೂ ಸಾಕಿತ್ತು. ನಾನು ನೋಡಿದ್ದು ಗುಡ್ಡವನ್ನು.

ಸಾವಿರದ ಐನೂರನ್ನು ಮೂರರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದೆ. ಐನೂರು ಪೌಂಡು ಮರಳು.

ಉದ್ದ ತುದಿಗೆ ಕೆಳಗಿಂದ ಒಂದು ಊರುಗೋಲು ಕೊಟ್ಟು ಚೀಲ ಕಟ್ಟಿದರು. ಅಮೀನಸಾಬರು ಎಲ್ಲರನ್ನೂ ದೂರ ಸರಿಸಿ, ತಾವೊಬ್ಬರೇ ನಿಂತು ಊರುಗೋಲನ್ನು ಸುತ್ತಿಗೆಯಿಂದ ಹೊಡೆದು ಕೆಡವಿದರು. ತೊಲೆ ಮೆಲ್ಲಗೆ ತೂಗಬೇಕಿತ್ತು. ತೂಗಲಿಲ್ಲ. ಧಡಕ್ಕನೆ ಕೆಳಗೆ ಬಂತು. ಅತ್ತ ಚಪ್ಪಡಿ ಗಾಳಿಗೆ ಹಾರಿ ಜೋಲಿ ಹೊಡೆಯಿತು. ಇತ್ತ ತೊಲೆಯ ತುದಿ ಅಮೀನಸಾಬರ ಭುಜ ಸವರಿಕೊಂಡು ನೆಲಕ್ಕೆ ಬಡಿಯಿತು.

ಒಂದು ಗೇಣು ಈಚೆ ಬಡಿದಿದ್ದರೆ ತಲೆ.

ಚಕ್ಕಡಿಯಲ್ಲಿ ಮಲಗಿಸಿಕೊಂಡು ಹುನಗುಂದದ ದವಾಖಾನೆಗೆ ಓಡಿದೆವು. ದಾರಿಯುದ್ದಕ್ಕೂ ಅವರು ಹಲ್ಲು ಕಚ್ಚಿಕೊಂಡಿದ್ದರು. ನಾನು ನೋಟುಬುಕ್ಕು ತೆರೆದು ನೋಡುತ್ತಿದ್ದೆ. ಅವರ ಹತ್ತಿರ ಟೇಪೇ ಇರಲಿಲ್ಲ ಎಂಬುದು ಆಗ ನೆನಪಾಯಿತು! ಅವರು ಅಳೆದದ್ದು ಮೊಳಕೈಯಿಂದ. ಒಂಬತ್ತು ಮೊಳ ಅಂದರೆ ಹದಿಮೂರೂವರೆ ಫೂಟು. ಬೇಕಾಗಿದ್ದದ್ದು ಮುನ್ನೂರ ಮೂವತ್ತಮೂರು ಪೌಂಡು ಮಾತ್ರ. ಒಂದೂವರೆ ಪಟ್ಟು ಹೇರಿಸಿದ್ದೆ ನಾನು.

ದವಾಖಾನೆಯ ಕಟ್ಟೆಯ ಮೇಲೆ ಗುತ್ತೇದಾರ ವೀರುಪಣ್ಣ ನನ್ನ ಪಕ್ಕಕ್ಕೆ ಬಂದು ಕುಳಿತ. "ಹಗ್ಗ ಹರೀತು ಅಂತ ಬರದ್ ಬಿಡ್ರಿ, ಸಾಹೇಬ್ರ. ಹಗ್ಗಕ್ಕ ಯಾರ್ ಕೇಳ್ತಾರ?"

ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಹಗ್ಗಕ್ಕೆ ಮಾನವಿಲ್ಲ, ಮರ್ಯಾದೆಯಿಲ್ಲ, ಬಡ್ತಿಯಿಲ್ಲ. ಆದರೆ ಒಳಗೆ ವೈದ್ಯರು ಜಾರಿದ ಭುಜದ ಕೀಲು ಕೂಡಿಸುತ್ತಿದ್ದಾಗ ಅಮೀನಸಾಬರು ಒಮ್ಮೆ ಕೂಗಿದರು. ಆ ದನಿ ಕೇಳಿದ ಮೇಲೆ ತಪ್ಪನ್ನು ಹಗ್ಗದ ಮೇಲೆ ಹಾಕಲು ಕೈ ಬರಲಿಲ್ಲ. ಮೇಲಿನ ಸಾಹೇಬರಿಗೆ ನನ್ನ ತಪ್ಪೆಂದೇ ಬರೆದೆ.

ನಾಲ್ಕು ದಿನ ಬಿಟ್ಟು ಇಳಕಲ್ಲಿಗೆ ಅವರ ಮನೆಗೆ ಹೋದೆ. ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಗೆ ಹಾಕಿಕೊಂಡು ಕುಳಿತಿದ್ದರು. ನೋಟುಬುಕ್ಕು ಬಿಚ್ಚಿ ಎಲ್ಲ ಹೇಳಿದೆ.

"ನಂದೂ ತಪ್ಪೈತ್ರಿ, ರಾಯರ," ಅಂದರು. "ನಾ ಬರೇ ಒಂಬತ್ತು ಅಂದೆ. ಮೊಳ ಅನ್ಲಿಲ್ಲ."

ಅವರ ಹೆಂಡತಿ ಖತೀಜಾಬಿ ಬಾಗಿಲಲ್ಲೇ ನಿಂತಿದ್ದಳು. "ಇಬ್ಬರಿಗೂ ಬಾಯಿ ಇದ್ದಿಲ್ಲೇನ್ರಿ?" ಎಂದಳು. "ಸೀರಿ ತರಾಕ ಹೋದ್ರ ನಾ ಹತ್ತ್ ಸಲ ಕೇಳ್ತೇನಿ, ಮೊಳಾನೋ ಗಜಾನೋ ಅಂತ. ನೀವು ಕಲ್ಲ ಎತ್ತೂ ಮಂದಿ, ಒಂದ್ ಸಲಾನೂ ಕೇಳ್ಲಿಲ್ಲ?"

ನಾನು ತಲೆ ತಗ್ಗಿಸಿದೆ. ಮೇಸ್ತ್ರಿಯೂ ತಗ್ಗಿಸಿದರು.

ಖರೆ ಅಂದರೆ ನಾವೆಲ್ಲ ಹೀಗೇ ಬದುಕುತ್ತೇವೆ. ಕೆರೂರಿನಲ್ಲಿ ದಾರಿ ಕೇಳಿದರೆ "ಇಲ್ಲೇ ಅದರಿ" ಅನ್ನುತ್ತಾರೆ. ಆ 'ಇಲ್ಲೇ' ಕೂಗಳತೆಯೋ, ಹರದಾರಿಯೋ? ಬಾದಾಮಿ ಸ್ಟೇಷನ್ನಿನಲ್ಲಿ "ಗಾಡಿ ಈಗ ಬರತದ" ಅನ್ನುತ್ತಾರೆ. ಆ 'ಈಗ' ಎಷ್ಟು ಉದ್ದ? ನಾವು ತಲೆಯಾಡಿಸುತ್ತೇವೆ. ನಮ್ಮ ಅಳತೆ ನಮಗೆ, ಅವರ ಅಳತೆ ಅವರಿಗೆ.

ಎರಡು ವಾರದ ಮೇಲೆ ಅಮೀನಸಾಬರು ಹಳ್ಳಕ್ಕೆ ಬಂದರು. ಕೆಲಸ ಮಾಡಲಿಕ್ಕಲ್ಲ, ನೋಡಲಿಕ್ಕೆ. ಈ ಸಲ ನಾನು ಗುಣಿಸುವ ಮೊದಲೇ ಎಲ್ಲ ಅಳತೆಯನ್ನೂ ಫೂಟಿಗೆ ತಂದೆ. ಒಂದೊಂದು ಅಂಕಿಯ ಮುಂದೂ ಫೂಟು, ಪೌಂಡು ಎಂದು ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಅವರು ಒಂದೊಂದಕ್ಕೂ "ಹೌದ್ರಿ" ಅಂದರು. ಆಮೇಲೆ ಇಬ್ಬರೂ ತೊಲೆಯ ಉದ್ದಕ್ಕೂ ನಡೆದು ಕಣ್ಣಿನಿಂದಲೂ ಅಳೆದೆವು. ಊರುಗೋಲು ತೆಗೆಯುವಾಗ ತುದಿಗೆ ಹಗ್ಗ ಹಾಕಿ, ದೂರ ನಿಂತು ಎಳೆದೆವು.

ಸದ್ದೇ ಆಗಲಿಲ್ಲ. ತೊಲೆ ಉಸಿರಾಡಿದಂತೆ ಒಮ್ಮೆ ಅಲುಗಿ ನಿಂತಿತು. ಅಮೀನಸಾಬರು ಪೆಟ್ಟಾಗದ ಕೈಯ ಎರಡು ಬೆರಳನ್ನು ತೊಲೆಯ ತುದಿಗಿಟ್ಟು ಮೆಲ್ಲಗೆ ಒತ್ತಿದರು. ಸಾವಿರದ ಐನೂರು ಪೌಂಡಿನ ಕಲ್ಲು ಹತ್ತಿಯ ಅರಳೆಯಂತೆ ನೆಲ ಬಿಟ್ಟೆದ್ದಿತು.

ಮಳೆಗೆ ಎಂಟು ದಿನ ಮೊದಲೇ ಕೊನೆಯ ಚಪ್ಪಡಿ ಕೂತಿತು. ಈಗ ಆಚೆಯವರು ಈಚೆಗೆ ಬರುತ್ತಾರೆ, ಈಚೆಯವರು ಆಚೆಗೆ ಹೋಗುತ್ತಾರೆ. ಸಾಹೇಬರಿಂದ ಎರಡು ಸಾಲಿನ ಕಟು ಪತ್ರ ಬಂದಿದೆ. ಬರಲಿ.

ನನಗೆ ತಿಳಿಯದ್ದು ಒಂದೇ. ಕಲಿತಷ್ಟೂ ಕೇಳಲು ನಾಚುತ್ತೇವಲ್ಲ, ಇದನ್ನು ನಮಗೆ ಯಾವ ಸಾಲಿಯಲ್ಲಿ ಕಲಿಸಿದರು?