ಹುಲಿ ಮದುವೆಗೆ ಬಂದ ವಾಲಗ

ಶಿವಮೊಗ್ಗೆಯ ರೈಲು ಭದ್ರಾವತಿಯಲ್ಲಿ ನಿಂತಾಗ ಪ್ಲಾಟ್‌ಫಾರಂ ಮೇಲೆ ವಾಲಗ ಕಾದಿತ್ತು. ಕೊಂದ ಹುಲಿಯನ್ನು ಮೆರೆಸುವುದಕ್ಕೆ ಈ ಕಡೆ 'ಹುಲಿ ಮದುವೆ' ಎನ್ನುತ್ತಾರೆ. ನನ್ನೆದುರು ಕೂತಿದ್ದ ಕಾಡಿನ ರೇಂಜರು 'ಹುಲಿ ಸಿಕ್ತು' ಎಂದಷ್ಟೇ ಊರಿಗೆ ಹೇಳಿಕಳಿಸಿದ್ದರಂತೆ. ಹಾರ ಹಿಡಿದು ಬಂದವರಿಗೆ ಅವರು ಪೆಟ್ಟಿಗೆ ಬಿಚ್ಚಿ ತೋರಿಸಿದ್ದು, ಕಾಡಿನಲ್ಲಿ ಉಳಿದ ಹುಲಿಗಳ ಗುರುತಿಗೆಂದು ತೆಗೆದ ಹೆಜ್ಜೆಯ ಪ್ಲಾಸ್ಟರ್ ಅಚ್ಚು.

"ಹೆಣ ಎಲ್ಲಿ ಸ್ವಾಮಿ?" ಎಂದ ವಾಲಗದ ಮುದುಕ.

"ಬದುಕಿದೆ ಮಾರಾಯ. ಶಿಕಾರಿ ದೊರೆಗಳಿಗೆ ಜಾಗ ಮಾತ್ರ ಹೇಳಲ್ಲ."

ದೊಡ್ಡ ಹೆಜ್ಜೆಯ ಪಕ್ಕದಲ್ಲೇ ಮೂಡಿದ್ದ ಪುಟ್ಟ ಹೆಜ್ಜೆಯನ್ನು ಮುದುಕ ಬೆರಳಿನಿಂದ ಸವರಿದ. "ಮರೀನೂ ಐತೆ. ಹಂಗಾದ್ರೆ ಇದು ಮದುವೆ ಅಲ್ಲ ಬಿಡಿ, ತೊಟ್ಟಿಲ ಶಾಸ್ತ್ರ."

ರೈಲು ಹೊರಟಾಗ ಹಿಂದಿನಿಂದ ವಾಲಗದಲ್ಲಿ ಜೋಗುಳ ಕೇಳುತ್ತಿತ್ತು.