ಎರಡೆರಡು ಕಮಿಟ್

ಗೆಳೆಯರೇ, ಇವತ್ತು ಜೇವರ್ಗಿಯ ನಮ್ಮ ಪುಟ್ಟ ಆಫೀಸಿನಲ್ಲಿ ತಲೆ ಚಚ್ಚಿಕೊಂಡೆ. ತೊಗರಿ ದರ ತೋರಿಸುವ ಆ್ಯಪ್‌ನ ಕೋಡಿನ ಒಂದು ಕವಲನ್ನು, ಅಂದರೆ ಬ್ರಾಂಚನ್ನು, ಬೆಳಿಗ್ಗೆ ಬೇಗ ಬಂದು ರಿಬೇಸ್ ಮಾಡಿ, ಒಂದೊಂದು ಬದಲಾವಣೆಯ ದಾಖಲೆಯಾದ ಕಮಿಟ್‌ಗಳನ್ನೆಲ್ಲ ಹೊಸದಾಗಿ ಜೋಡಿಸಿ, ಸರ್ವರ್‌ನಲ್ಲಿದ್ದ ಹಳೆಯದನ್ನು ಅಳಿಸಿ ಫೋರ್ಸ್ ಪುಶ್ ಮಾಡಿದ್ದೆ. ಸಹೋದ್ಯೋಗಿ ಶಬಾನಾ ಅವರಿಗೆ ಮೆಸೇಜನ್ನೂ ಹಾಕಿದ್ದೆ: "ಪುಲ್ ಮಾಡಬ್ಯಾಡ್ರಿ. ನಿಮ್ಮ ಹಳೇ ಬ್ರಾಂಚ್ ತೆಗೆದು ಹೊಸದನ್ನ ತಗೋರಿ."

ಮಧ್ಯಾಹ್ನ ನೋಡಿದರೆ ಎಲ್ಲ ಕಮಿಟ್‌ಗಳೂ ಎರಡೆರಡು! ಅವರು ಪುಲ್ ಮಾಡಿ, ಅಂದರೆ ಸರ್ವರ್‌ನಲ್ಲಿದ್ದುದನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಹಳೆಯದನ್ನೂ ಹೊಸದನ್ನೂ ಬೆರೆಸಿ, ಮತ್ತೆ ಪುಶ್ ಮಾಡಿದ್ದರು.

"ಬ್ಯಾಡ ಅಂದಿದ್ನಲ್ರೀ!" ಎಂದು ಕೂಗಾಡಿದೆ.

"ಮೆಸೇಜ್ ಆಮ್ಯಾಲ ನೋಡ್ದೆರಿ ಸರ್. ಬಂದ ಕೂಡ್ಲೆ ಪುಲ್ ಮಾಡ್ರಿ ಅಂತ ಬರ್ದು ಹಚ್ಚಿದವ್ರು ಯಾರ್ರಿ?" ಎಂದು ಶಬಾನಾ ಗೋಡೆಗೆ ಅಂಟಿಸಿದ್ದ ಚೀಟಿ ತೋರಿಸಿದರು.

'ಮೊದಲು ಪುಲ್, ಆಮೇಲೆ ಚಹಾ.' ಅಕ್ಷರ ನನ್ನದೇ. ಸಿಟ್ಟಿನಲ್ಲಿ ಕೀಳಹೋದರೆ ಗೋಡೆಯ ಸುಣ್ಣ ಉದುರಿತು, ಚೀಟಿ ಅಲ್ಲೇ ಇದೆ.